ವಿಟಮಿನ್ ಮಾತ್ರೆ ಹೃದಯ ಕಾಯುವುದೇ?

ತಿಂಗಳ ಮೊದಲ ವಾರ, ಸಂಜೆ ಏಳರ ಹೊತ್ತು. ಮೆಡಿಕಲ್ ಶಾಪಿನ ಮುಂದೆ ನಾಲ್ಕೈದು ಜನ. ಮಡಿಕೆಯ ಗೆರೆಯುದ್ದಕ್ಕೂ ಹರಿದುಹೋದ ಚೀಟಿಯೊಂದನ್ನು ಹಿರಿಯರೊಬ್ಬರು ಜೇಬಿನಿಂದ ತೆಗೆದು ಕೌಂಟರಿನ ಮೇಲಿಡುತ್ತಾರೆ. ಶುಗರ್ ಬಂದು ಹನ್ನೆರಡು ವರ್ಷ. ಅಂಗಡಿಯ ಹುಡುಗ ಒಂದೊಂದೇ ಸ್ಟ್ರಿಪ್ ತೆಗೆದಿಟ್ಟು ಒಟ್ಟು ಎಷ್ಟಾಯಿತೆಂದು ಹೇಳುತ್ತಾನೆ. ಹಿರಿಯರು ಸ್ವಲ್ಪ ಯೋಚಿಸುತ್ತಾರೆ. 'ಆ ಕೊಲೆಸ್ಟ್ರಾಲ್ ಮಾತ್ರೆ ಹದಿನೈದೇ ಕೊಡಪ್ಪ, ಮಿಕ್ಕಿದ್ದು ಆಮೇಲೆ ನೋಡೋಣ. ವಿಟಮಿನ್ದು ಮಾತ್ರ ಪೂರ್ತಿ ತಿಂಗಳಿಗೆ ಹಾಕು' ಎನ್ನುತ್ತಾರೆ.

ಇಂಥ ಮಾತು ಯಾವ ಊರಿನ ಯಾವ ಅಂಗಡಿಯಲ್ಲಾದರೂ ಕಿವಿಗೆ ಬೀಳುವಂಥದ್ದು. ಕೊಲೆಸ್ಟ್ರಾಲ್ ಮಾತ್ರೆಯೆಂದರೆ ಕಾಯಿಲೆಯ ಔಷಧಿ, ಕಡಿಮೆಯಾದಷ್ಟೂ ಒಳ್ಳೆಯದು. ವಿಟಮಿನ್ ಎಂದರೆ ಆಹಾರದ ಸಾರ, ಹೆಚ್ಚಾದರೂ ಕೆಡುಕಿಲ್ಲ. ನಮ್ಮಲ್ಲಿ ಬಹಳ ಜನರ ಮನಸ್ಸಿನಲ್ಲಿ ಕೂತಿರುವ ಲೆಕ್ಕ ಇದು. ಹೃದಯದ ವಿಷಯಕ್ಕೆ ಬಂದರೆ ಈ ಲೆಕ್ಕ ತಿರುಗುಮುರುಗಾಗಿದೆ. ಅದು ತಪ್ಪೆಂದು ತೋರಿಸಲು ಸಾವಿರಾರು ಮಧುಮೇಹಿಗಳು ವರ್ಷಗಟ್ಟಲೆ ಮಾತ್ರೆ ನುಂಗಿ ಪರೀಕ್ಷೆಗೆ ಒಳಗಾಗಿದ್ದಾರೆ. ಆ ಕಥೆ ನಮ್ಮ ಮನೆಗಳವರೆಗೆ ಇನ್ನೂ ತಲುಪಿಲ್ಲ.

ತಲುಪಬೇಕು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆಯಿದೆ. ಅವರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಸಕ್ಕರೆಯಲ್ಲ, ಅದು ಕೆಡಿಸಿದ ರಕ್ತನಾಳ. ಎಂದರೆ ಹೃದಯಾಘಾತ ಮತ್ತು ಪಾರ್ಶ್ವವಾಯು.

ಕಮಟು ಹಿಡಿದ ಎಣ್ಣೆ

ಹಬ್ಬಕ್ಕೆ ಮಾಡಿದ ಚಕ್ಕುಲಿಯ ಡಬ್ಬಿ ಅಟ್ಟದ ಮೇಲೆ ಮರೆತುಹೋಗಿ ಎರಡು ತಿಂಗಳ ಮೇಲೆ ಸಿಕ್ಕಿತೆನ್ನಿ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿಯುವುದು ಕಮಟು. ಎಣ್ಣೆಯ ಕೊಬ್ಬು ಗಾಳಿಯ ಆಮ್ಲಜನಕದೊಡನೆ ಸೇರಿ ಕೆಟ್ಟಿದೆ. ಕಬ್ಬಿಣ ತುಕ್ಕು ಹಿಡಿಯುವುದರಲ್ಲೂ ಆಮ್ಲಜನಕದ ಕೈವಾಡವಿದೆ. ಇದಕ್ಕೆ ಪುಸ್ತಕದ ಹೆಸರು ಉತ್ಕರ್ಷಣ.

ಕೊಬ್ಬು ಹೀಗೆ ಕೆಡುವುದನ್ನು ತಡೆಯುವ ವಸ್ತುಗಳೂ ನಿಸರ್ಗದಲ್ಲೇ ಇವೆ. ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳಲ್ಲಿ ಸಹಜವಾಗಿ ಇರುವ ವಿಟಮಿನ್ ಇ ಅಂಥದ್ದೊಂದು. ನೆಲ್ಲಿಕಾಯಿ, ನಿಂಬೆ, ಸೀಬೆಹಣ್ಣಿನ ವಿಟಮಿನ್ ಸಿ ಇನ್ನೊಂದು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಮತ್ತೊಂದು. ಆಂಟಿಆಕ್ಸಿಡೆಂಟ್ ಎಂದು ಜಾಹೀರಾತುಗಳಲ್ಲಿ ಕೇಳಿಬರುವುದು ಇಂಥ ವಸ್ತುಗಳ ಹೆಸರೇ.

ದೇಹದ ಒಳಗೂ ಇದೇ ನಡೆಯುತ್ತದೆ. ಉಸಿರಾಡಿ, ಉಂಡು, ಶಕ್ತಿ ಮಾಡಿಕೊಳ್ಳುವಾಗ ಕೆಲವು ತುಂಟ ಕಣಗಳು ಹುಟ್ಟುತ್ತವೆ. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಇವು ಅಕ್ಕಪಕ್ಕದ ಅಣುವಿನಿಂದ ಅದನ್ನು ಕಸಿದುಕೊಳ್ಳುತ್ತವೆ. ಇವೇ ಫ್ರೀ ರಾಡಿಕಲ್‌ಗಳು. ಆರೋಗ್ಯವಂತರ ದೇಹದಲ್ಲಿ ಹುಟ್ಟುವುದೂ ಅಡಗುವುದೂ ಸರಿದೂಗುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಆ ತೂಕ ತಪ್ಪುತ್ತದೆ. ನಾಳದ ಒಳಗೋಡೆಯ ಕೋಶಗಳಿಗೆ ಸಕ್ಕರೆ ನುಗ್ಗಿದಾಗ ಅಲ್ಲಿನ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾಗಳು ಇಂಥ ಕಣಗಳನ್ನು ಅತಿಯಾಗಿ ಹೊರಬಿಡುತ್ತವೆ. ಮಧುಮೇಹದಿಂದ ಕಣ್ಣು, ಮೂತ್ರಪಿಂಡ, ನರ, ರಕ್ತನಾಳ ಎಲ್ಲ ಕೆಡುವುದರ ಹಿಂದೆ ಇದೇ ಸಮಾನ ಕಾರಣವಿದೆ ಎಂದು ನ್ಯೂಯಾರ್ಕಿನ ವಿಜ್ಞಾನಿ ಮೈಕೆಲ್ ಬ್ರೌನ್ಲಿ 2001ರಲ್ಲಿ ವಾದಿಸಿದರು.

ಅದಕ್ಕೂ ಮೊದಲೇ, 1989ರಲ್ಲಿ, ಡೇನಿಯಲ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರು ಹೃದಯದ ನಾಳ ಕಟ್ಟಿಕೊಳ್ಳುವ ಬಗೆಯನ್ನು ಬಿಡಿಸಿ ಹೇಳಿದ್ದರು. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ನಾಳದ ಗೋಡೆಯೊಳಗೆ ಸೇರಿ ಕಮಟು ಹಿಡಿದಾಗ, ರಕ್ಷಣೆಗೆಂದು ಬಂದ ಬಿಳಿ ರಕ್ತಕಣಗಳು ಅದನ್ನು ಮಿತಿಮೀರಿ ನುಂಗಿ ಅಲ್ಲೇ ಊದಿ ಕೂರುತ್ತವೆ. ಗೋಡೆಯಲ್ಲಿ ಜಿಡ್ಡಿನ ಗಂಟು ಬೆಳೆಯುವುದು ಹಾಗೆ.

ಎರಡನ್ನೂ ಕೂಡಿಸಿ ನೋಡಿ. ಸಕ್ಕರೆ ಕಾಯಿಲೆಯವರಲ್ಲಿ ಕಮಟು ಹೆಚ್ಚು. ಕಮಟು ತಡೆಯುವುದು ವಿಟಮಿನ್. ಹಾಗಾದರೆ ವಿಟಮಿನ್ ಕೊಟ್ಟರೆ ಹೃದಯ ಉಳಿಯಬೇಕು. ಇದಕ್ಕಿಂತ ಒಪ್ಪವಾದ ತರ್ಕ ವೈದ್ಯಶಾಸ್ತ್ರದಲ್ಲಿ ಅಪರೂಪ. ಅದನ್ನು ನಂಬಿದವರು ಮೋಸಗಾರರಲ್ಲ, ದೊಡ್ಡ ದೊಡ್ಡ ಸಂಶೋಧಕರು.

ಭರವಸೆಯ ದಿನಗಳು

1993ರಲ್ಲಿ ಅಮೆರಿಕದ 87,245 ನರ್ಸ್‌ಗಳನ್ನು ಎಂಟು ವರ್ಷ ಗಮನಿಸಿದ ಅಧ್ಯಯನ ಹೊರಬಂತು. ವಿಟಮಿನ್ ಇ ಹೆಚ್ಚು ಸೇವಿಸುವವರಲ್ಲಿ ಹೃದಯದ ಕಾಯಿಲೆ ಮೂರನೇ ಒಂದು ಭಾಗದಷ್ಟು ಕಡಿಮೆ. ಮೂರು ವರ್ಷದ ಮೇಲೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹೃದಯದ ನಾಳ ಕಟ್ಟಿಕೊಂಡಿದ್ದ 2,002 ಜನರ ಮೇಲೆ ನಡೆದ ಪ್ರಯೋಗದಲ್ಲಿ, ವಿಟಮಿನ್ ಇ ಪಡೆದವರಲ್ಲಿ ಪ್ರಾಣಾಪಾಯವಿಲ್ಲದ ಹೃದಯಾಘಾತ ಆದದ್ದು 14 ಜನರಿಗೆ. ಹುಸಿ ಮಾತ್ರೆ ಪಡೆದವರಲ್ಲಿ 41 ಜನರಿಗೆ. ಪತ್ರಿಕೆಗಳು ಸಂಭ್ರಮಪಟ್ಟವು, ಮಾತ್ರೆಗಳ ಮಾರಾಟ ಏರಿತು. ಅದೇ ಪ್ರಯೋಗದಲ್ಲಿ ಸಾವುಗಳು ಕಡಿಮೆಯಾಗಿರಲಿಲ್ಲ ಎಂಬುದನ್ನು ಗಮನಿಸಿದವರು ಕಡಿಮೆ.

ನರ್ಸ್‌ಗಳ ಅಧ್ಯಯನದಲ್ಲಿ ಒಂದು ತೊಡಕಿತ್ತು. ತಾವಾಗಿ ವಿಟಮಿನ್ ಕೊಂಡು ತಿನ್ನುವವರು ಎಂಥವರು? ಸಾಮಾನ್ಯವಾಗಿ ಕೈಯಲ್ಲಿ ನಾಲ್ಕು ಕಾಸಿರುವವರು, ಸಿಗರೇಟು ಮುಟ್ಟದವರು, ನಡೆದಾಡುವವರು, ತರಕಾರಿ ತಿನ್ನುವವರು. ಅವರ ಹೃದಯ ಚೆನ್ನಾಗಿದ್ದರೆ ಆ ಪುಣ್ಯ ಮಾತ್ರೆಯದೋ ಬಾಳುವೆಯದೋ? ಬರೀ ಗಮನಿಸಿ ಕೂತರೆ ಇದು ಬಗೆಹರಿಯುವುದಿಲ್ಲ. ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ನಿಜ ಮಾತ್ರೆ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಹುಸಿ ಮಾತ್ರೆ ಕೊಟ್ಟು, ಯಾರಿಗೆ ಯಾವುದು ಸಿಕ್ಕಿತೆಂದು ಅವರಿಗೂ ವೈದ್ಯರಿಗೂ ಗೊತ್ತಾಗದಂತೆ ವರ್ಷಗಟ್ಟಲೆ ಕಾಯಬೇಕು.

ಬೆಂಗಳೂರಿನಲ್ಲಿ ಓದಿದವರು ಮುನ್ನಡೆಸಿದ ಪರೀಕ್ಷೆ

ಹಾಗೆ ಕಾದವರಲ್ಲಿ ಮುಖ್ಯರು ಡಾ. ಸಲೀಂ ಯೂಸುಫ್. ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಆಕ್ಸ್‌ಫರ್ಡ್‌ಗೆ ಹೋಗಿ, ಮುಂದೆ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದವರು. ಅವರ ನೇತೃತ್ವದ ಪ್ರಯೋಗದ ಹೆಸರು 'ಹೋಪ್'. 19 ದೇಶಗಳಲ್ಲಿ, 55 ವರ್ಷ ದಾಟಿದ, ಈಗಾಗಲೇ ರಕ್ತನಾಳದ ಕಾಯಿಲೆಯಿದ್ದ ಅಥವಾ ಮಧುಮೇಹದ ಜೊತೆ ಮತ್ತೊಂದು ಅಪಾಯವಿದ್ದ ಒಂಬತ್ತೂವರೆ ಸಾವಿರ ಜನ ಸೇರಿಕೊಂಡರು. ಅವರಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿ ಮಧುಮೇಹಿಗಳು.

ಈ ಪ್ರಯೋಗ ಕಟ್ಟಿದ ರೀತಿಯನ್ನು ಸ್ವಲ್ಪ ನಿಂತು ನೋಡಬೇಕು. ಒಂದೇ ಜನರಲ್ಲಿ ಎರಡು ಮಾತ್ರೆಗಳ ಪರೀಕ್ಷೆ. ಒಂದು, ದಿನಕ್ಕೆ 400 ಯೂನಿಟ್ ವಿಟಮಿನ್ ಇ, ಅದೂ ನೈಸರ್ಗಿಕ ಮೂಲದ್ದು. ಇನ್ನೊಂದು, ರಾಮಿಪ್ರಿಲ್ ಎಂಬ ಹಳೆಯ ಬಿಪಿ ಮಾತ್ರೆ. ಕೆಲವರಿಗೆ ಎರಡೂ, ಕೆಲವರಿಗೆ ಒಂದೊಂದು, ಕೆಲವರಿಗೆ ಎರಡೂ ಹುಸಿ. ಒಂದೇ ಹೊಲದಲ್ಲಿ ಒಂದೇ ಮಳೆಗೆ ಎರಡು ಬೀಜ ಬಿತ್ತಿ ನೋಡಿದ ಹಾಗೆ. ಜನ ಬೇರೆ, ಕಾಲ ಬೇರೆ ಎಂಬ ನೆಪಕ್ಕೆ ಜಾಗವಿಲ್ಲ.

ನಾಲ್ಕೂವರೆ ವರ್ಷದ ಮೇಲೆ, 2000ದ ಜನವರಿಯಲ್ಲಿ ಫಲಿತಾಂಶ ಅಚ್ಚಾಯಿತು. ವಿಟಮಿನ್ ಇ ನುಂಗಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ-ರಕ್ತನಾಳದ ಸಾವು ಕಂಡವರು ಶೇ. 16.2. ಹುಸಿ ಮಾತ್ರೆಯವರಲ್ಲಿ ಶೇ. 15.5. ಲಾಭ ಸೊನ್ನೆ. ರಾಮಿಪ್ರಿಲ್ ಕಡೆ ನೋಡಿ: ಮಾತ್ರೆ ಪಡೆದವರಲ್ಲಿ ಶೇ. 14, ಪಡೆಯದವರಲ್ಲಿ ಶೇ. 17.8. ಮಧುಮೇಹಿಗಳನ್ನೇ ಬೇರೆ ಮಾಡಿ ಎಣಿಸಿದಾಗ ರಾಮಿಪ್ರಿಲ್ ಅಪಾಯವನ್ನು ಕಾಲು ಭಾಗ ಇಳಿಸಿತ್ತು. ವಿಟಮಿನ್ ಇ ಅವರ ಹೃದಯಕ್ಕಾಗಲಿ ಮೂತ್ರಪಿಂಡಕ್ಕಾಗಲಿ ಏನೂ ಮಾಡಿರಲಿಲ್ಲ.

'ಪ್ರಮಾಣ ಸಾಲದು, ಬರೀ ಇ ಕೊಟ್ಟರೆ ಆಗದು, ಸಿ ಕೂಡ ಬೇಕು' ಎಂದವರಿದ್ದರು. ಅದಕ್ಕೆ ಬ್ರಿಟನ್ ಉತ್ತರ ಕೊಟ್ಟಿತು. ಹಾರ್ಟ್ ಪ್ರೊಟೆಕ್ಷನ್ ಸ್ಟಡಿ ಎಂಬ ಪ್ರಯೋಗದಲ್ಲಿ 20,536 ಜನ. ಅವರಲ್ಲಿ ಸುಮಾರು ಆರು ಸಾವಿರ ಮಧುಮೇಹಿಗಳು. ದಿನಕ್ಕೆ 600 ಎಂಜಿ ವಿಟಮಿನ್ ಇ, 250 ಎಂಜಿ ವಿಟಮಿನ್ ಸಿ, 20 ಎಂಜಿ ಬೀಟಾ ಕ್ಯಾರೋಟಿನ್, ಮೂರನ್ನೂ ಒಟ್ಟಿಗೆ, ಐದು ವರ್ಷ. ಮಾತ್ರೆ ಮೈಗೆ ಹತ್ತಲಿಲ್ಲ ಎನ್ನುವಂತಿರಲಿಲ್ಲ, ರಕ್ತದಲ್ಲಿ ವಿಟಮಿನ್ ಇ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಆದರೆ 2002ರಲ್ಲಿ ಎಣಿಸಿದಾಗ ವಿಟಮಿನ್ ಪಡೆದವರಲ್ಲಿ 1,446 ಸಾವು, ಪಡೆಯದವರಲ್ಲಿ 1,389. ಹೃದಯಾಘಾತ, ಪಾರ್ಶ್ವವಾಯುಗಳಲ್ಲೂ ವ್ಯತ್ಯಾಸವಿಲ್ಲ.

ಇಲ್ಲೂ ಜೊತೆಗೆ ಇನ್ನೊಂದು ಮಾತ್ರೆಯ ಪರೀಕ್ಷೆ ನಡೆದಿತ್ತು. ಅದು 40 ಎಂಜಿ ಸಿಮ್ವಾಸ್ಟಾಟಿನ್, ಕೊಲೆಸ್ಟ್ರಾಲ್ ಮಾತ್ರೆ. ಅದು ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ಆಘಾತಗಳನ್ನು ಸುಮಾರು ಕಾಲು ಭಾಗ ಕಡಿಮೆ ಮಾಡಿತು. ಮಧುಮೇಹಿಗಳಲ್ಲೂ ಲಾಭ ಬಹುತೇಕ ಅಷ್ಟೇ.

ಮೆಡಿಕಲ್ ಶಾಪಿನ ಮುಂದೆ ನಿಂತ ಹಿರಿಯರು ಅರ್ಧ ಮಾಡಿಸಿದ್ದು ಇಂಥದೇ ಮಾತ್ರೆಯನ್ನು. ಪೂರ್ತಿ ಕಟ್ಟಿಸಿಕೊಂಡದ್ದು ಏನೂ ಮಾಡದ ಮಾತ್ರೆಯನ್ನು.

ತರ್ಕ ಎಡವಿದ್ದೆಲ್ಲಿ?

ವಿಜ್ಞಾನಿಗಳು ಕೊಡುವ ವಿವರಣೆ ಒಂದಲ್ಲ. ನನಗೆ ಹೆಚ್ಚು ಮನವರಿಕೆಯಾಗುವುದು ಇದು: ಕೆಡುಕು ಹುಟ್ಟುವುದು ಕೋಶದ ಒಳಗೆ, ಸಕ್ಕರೆ ಹೆಚ್ಚಿರುವವರೆಗೂ ಎಡೆಬಿಡದೆ. ನುಂಗಿದ ವಿಟಮಿನ್ ಹುಟ್ಟಿದ ಕಣಗಳನ್ನು ಅಲ್ಲಲ್ಲಿ ಹಿಡಿಯಬಲ್ಲದೇ ಹೊರತು ಹುಟ್ಟನ್ನೇ ನಿಲ್ಲಿಸಲಾರದು. ನಲ್ಲಿ ತೆರೆದಿಟ್ಟು ನೆಲ ಒರೆಸಿದರೆ ಒಣಗೀತೇ? ನಲ್ಲಿ ತಿರುಗಿಸುವುದೆಂದರೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಇಳಿಸುವುದು.

ಇನ್ನೊಂದು ಸಂಗತಿ ನಮ್ಮ ಕಣ್ಣು ತೆರೆಸಬೇಕು. ಫ್ರೀ ರಾಡಿಕಲ್‌ಗಳು ಬರೀ ಶತ್ರುಗಳಲ್ಲ, ದೇಹದ ಸುದ್ದಿಗಾರರೂ ಹೌದು. ವ್ಯಾಯಾಮ ಮಾಡಿದಾಗ ಸ್ನಾಯುಗಳಲ್ಲಿ ಇವು ಹುಟ್ಟುತ್ತವೆ; ಆ ಸುದ್ದಿ ಕೇಳಿಯೇ ದೇಹ ಇನ್ಸುಲಿನ್‌ಗೆ ಚೆನ್ನಾಗಿ ಓಗೊಡಲು ಕಲಿಯುತ್ತದೆ. 2009ರಲ್ಲಿ ಜರ್ಮನಿಯ ಸಂಶೋಧಕರು ಆರೋಗ್ಯವಂತ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಬರೀ ವ್ಯಾಯಾಮ ಮಾಡಿದವರಲ್ಲಿ ಇನ್ಸುಲಿನ್ ಕೆಲಸ ಸುಧಾರಿಸಿತು. ಜೊತೆಗೆ ದಿನಕ್ಕೆ 1,000 ಎಂಜಿ ವಿಟಮಿನ್ ಸಿ, 400 ಯೂನಿಟ್ ವಿಟಮಿನ್ ಇ ನುಂಗಿದವರಲ್ಲಿ ಸುಧಾರಿಸಲಿಲ್ಲ. ಪ್ರಯೋಗ ಚಿಕ್ಕದು, ನಿಜ. ಆದರೂ ಶುಗರ್ ಇಳಿಯಲೆಂದು ಬೆಳಿಗ್ಗೆ ಐದಕ್ಕೆದ್ದು ಪಾರ್ಕಿಗೆ ಹೋಗುವವರು ಯೋಚಿಸಬೇಕಾದ ವಿಷಯ.

ಏನೂ ಮಾಡದಿದ್ದರೆ ಸರಿ, ಕೆಡುಕಾದರೆ?

'ಲಾಭವಿಲ್ಲದಿದ್ದರೆ ಬೇಡ, ನಷ್ಟವಂತೂ ಇಲ್ಲವಲ್ಲ' ಎನ್ನುವುದು ಮುಂದಿನ ಮಾತು. ಅದೂ ಪೂರ್ತಿ ನಿಜವಲ್ಲ.

ಹೋಪ್ ಪ್ರಯೋಗದಲ್ಲಿದ್ದವರನ್ನು ಏಳು ವರ್ಷದವರೆಗೆ ಹಿಂಬಾಲಿಸಿ 2005ರಲ್ಲಿ ಮತ್ತೆ ಎಣಿಸಿದರು. ವಿಟಮಿನ್ ಇ ಪಡೆದವರಲ್ಲಿ ಹೃದಯ ವೈಫಲ್ಯ, ಎಂದರೆ ಹೃದಯ ಸೋತು ಕಾಲು ಊದಿ ಏದುಸಿರು ಬರುವ ಕಾಯಿಲೆ, ಶೇ. 13ರಷ್ಟು ಹೆಚ್ಚಾಗಿತ್ತು. ಅಮೆರಿಕದ 14,641 ಪುರುಷ ವೈದ್ಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಿ, ಇ ಎರಡರಿಂದಲೂ ಹೃದಯಕ್ಕೆ ಲಾಭವಾಗಲಿಲ್ಲ. ವಿಟಮಿನ್ ಇ ಪಡೆದವರಲ್ಲಿ ಮೆದುಳಿನ ರಕ್ತಸ್ರಾವದ ಪಾರ್ಶ್ವವಾಯು ಹೆಚ್ಚು ಕಂಡಿತು. ಬೀಟಾ ಕ್ಯಾರೋಟಿನ್ ಕಥೆ ಇನ್ನೂ ಕಹಿ. ಫಿನ್ಲೆಂಡಿನ 29 ಸಾವಿರ ಧೂಮಪಾನಿಗಳ ಮೇಲಿನ ಪ್ರಯೋಗದಲ್ಲಿ ಅದು ಶ್ವಾಸಕೋಶದ ಕ್ಯಾನ್ಸರನ್ನು ಶೇ. 18ರಷ್ಟು ಹೆಚ್ಚಿಸಿತು. ಬೀಡಿ ಸಿಗರೇಟು ಸೇದುವವರು ಈ ಮಾತ್ರೆಯನ್ನು ಮುಟ್ಟಲೇಬಾರದು.

ಸಕ್ಕರೆ ಕಾಯಿಲೆಯವರಿಗೆ ಮೀಸಲಾದ ತೊಡಕೂ ಉಂಟು. ಹೆಚ್ಚು ಪ್ರಮಾಣದ ವಿಟಮಿನ್ ಸಿ ಕೆಲವು ಗ್ಲುಕೋಮೀಟರ್‌ಗಳ, ತೋಳಿಗೆ ಅಂಟಿಸುವ ಕೆಲವು ಸೆನ್ಸರ್‌ಗಳ ಲೆಕ್ಕ ಕೆಡಿಸಿ, ಇರುವುದಕ್ಕಿಂತ ಹೆಚ್ಚು ಸಕ್ಕರೆ ತೋರಿಸುತ್ತದೆ. ಆ ಅಂಕಿ ನಂಬಿ ಇನ್ಸುಲಿನ್ ಏರಿಸಿಕೊಂಡರೆ ಶುಗರ್ ಅಪಾಯಕರವಾಗಿ ಇಳಿಯಬಹುದು. ಮೂತ್ರಪಿಂಡ ಈಗಾಗಲೇ ಸೋತಿರುವವರಲ್ಲಿ ಅತಿಯಾದ ವಿಟಮಿನ್ ಸಿ ಕಲ್ಲಿಗೂ ದಾರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ವಿಟಮಿನ್ ಇ ರಕ್ತಸ್ರಾವದ ಭಯ ಹೆಚ್ಚಿಸುತ್ತದೆ.

ಹಸಿರು ಬಣ್ಣದ ವಿಟಮಿನ್ ಇ ಕ್ಯಾಪ್ಸೂಲಿನ ಸ್ಟ್ರಿಪ್ ತಿರುಗಿಸಿ ಓದಿ: 400 ಎಂಜಿ ಎಂದಿರುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾಗುವುದು 15 ಎಂಜಿ ಎಂಬುದು ಅಮೆರಿಕದ ಪೋಷಣಾ ತಜ್ಞರ ಲೆಕ್ಕ. ಚೀಪುವ ವಿಟಮಿನ್ ಸಿ ಮಾತ್ರೆ ಸಾಮಾನ್ಯವಾಗಿ 500 ಎಂಜಿ. ನಮ್ಮ ಐಸಿಎಂಆರ್ 2020ರಲ್ಲಿ ಹೇಳಿದ ದಿನದ ಅಗತ್ಯ ಗಂಡಸರಿಗೆ 80, ಹೆಂಗಸರಿಗೆ 65 ಎಂಜಿ. ಊಟದಲ್ಲಿ ಸಿಗುವ ವಿಟಮಿನ್ನಿಗೂ ಈ ಮಾತ್ರೆಗೂ ಹೆಸರು ಒಂದೇ, ಅಳತೆ ಬೇರೆಯೇ.

ಒಂದು ಅಪವಾದ, ಒಂದು ನಿಜವಾದ ಅಗತ್ಯ

ಬಾಗಿಲು ಪೂರ್ತಿ ಮುಚ್ಚಿಲ್ಲ ಎನ್ನುವುದನ್ನೂ ಹೇಳಬೇಕು. ನಮ್ಮ ರಕ್ತದಲ್ಲಿ ಹ್ಯಾಪ್ಟೋಗ್ಲೋಬಿನ್ ಎಂಬ ಪ್ರೋಟೀನು ಇದೆ. ಹುಟ್ಟಿನಿಂದಲೇ ಅದರ ಬಗೆ ಒಬ್ಬೊಬ್ಬರಲ್ಲಿ ಬೇರೆ. '2-2' ಎಂಬ ಬಗೆಯವರಲ್ಲಿ ಕಮಟು ತಡೆಯುವ ಅದರ ಶಕ್ತಿ ಕಡಿಮೆ. ಇಸ್ರೇಲ್‌ನಲ್ಲಿ ಈ ಬಗೆಯ 1,434 ಮಧುಮೇಹಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಿಟಮಿನ್ ಇ ಪಡೆದವರಿಗೆ ಹೃದಯದ ಆಘಾತಗಳು ಶೇ. 2.2, ಪಡೆಯದವರಿಗೆ ಶೇ. 4.7. ಭಾರತೀಯರಲ್ಲಿ ಈ ಬಗೆ ಸಾಮಾನ್ಯವಾದ್ದರಿಂದ ನಮ್ಮಲ್ಲೇ ದೊಡ್ಡ ಪ್ರಯೋಗವೊಂದು ನಡೆಯಬೇಕೆಂದು ನನ್ನ ಆಸೆ. ಆದರೆ ಇಷ್ಟರ ಮೇಲೆ ಯಾವ ಮಾರ್ಗಸೂಚಿಯೂ ಬದಲಾಗಿಲ್ಲ. ಮಧುಮೇಹಿಗಳಿಗೆ ವಿಟಮಿನ್ ಇ, ಸಿ, ಕ್ಯಾರೋಟಿನ್ ಮಾತ್ರೆಗಳನ್ನು ವಾಡಿಕೆಯಾಗಿ ಕೊಡಬಾರದೆಂಬುದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ನಿನ ನಿಲುವು. ಹೃದ್ರೋಗ ತಡೆಯಲೆಂದು ವಿಟಮಿನ್ ಇ ಮತ್ತು ಬೀಟಾ ಕ್ಯಾರೋಟಿನ್ ಬೇಡವೆಂದು ಅಲ್ಲಿನ ಸರ್ಕಾರಿ ತಜ್ಞರ ಪಡೆ 2022ರಲ್ಲಿ ಮತ್ತೆ ಹೇಳಿದೆ.

ಇದನ್ನು ಓದಿ ವಿಟಮಿನ್ ಎಂದದ್ದನ್ನೆಲ್ಲ ಎಸೆಯಬೇಡಿ. ಬಿ12 ಬೇರೆಯೇ ವಿಷಯ. ಸಕ್ಕರೆ ಕಾಯಿಲೆಗೆ ಮೊದಲು ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಕರುಳು ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಸಸ್ಯಾಹಾರಿಗಳಿಗೆ ಹಾಲು, ಮೊಸರು ಬಿಟ್ಟರೆ ಬಿ12 ಸಿಗುವ ದಾರಿಯೂ ಕಡಿಮೆ. ಪಾದ ಉರಿ, ಜೋಮು, ಸುಸ್ತು ಬಂದರೆ 'ಶುಗರ್‌ನಿಂದಲೇ' ಎಂದು ಸುಮ್ಮನಾಗುವುದುಂಟು. ಕಾರಣ ಬಿ12 ಕೊರತೆಯಾಗಿರಬಹುದು. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಕೊರತೆಯಿದ್ದರೆ ಆ ಮಾತ್ರೆ ಅಥವಾ ಚುಚ್ಚುಮದ್ದು ಬೇಕೇ ಬೇಕು.

ತಟ್ಟೆಯಲ್ಲಿ ಇರುವುದು

ಮಾತ್ರೆ ಸೋತಿತೆಂದರೆ ಹಣ್ಣು ತರಕಾರಿ ಸೋತಂತಲ್ಲ. ಸ್ಪೇನ್‌ನಲ್ಲಿ 7,447 ಜನರ ಮೇಲೆ ನಡೆದ ಆಹಾರದ ಪ್ರಯೋಗದಲ್ಲಿ ಅರ್ಧದಷ್ಟು ಮಂದಿ ಮಧುಮೇಹಿಗಳು. ತರಕಾರಿ, ಕಾಳು, ಮೀನಿನ ಊಟದ ಜೊತೆ ಆಲಿವ್ ಎಣ್ಣೆಯನ್ನೋ ಬಾದಾಮಿ, ಅಕ್ರೋಟುಗಳನ್ನೋ ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯು ಮತ್ತು ಅವುಗಳಿಂದಾಗುವ ಸಾವು ಸುಮಾರು ಶೇ. 30 ಇಳಿದವು. ನೆಲ್ಲಿಕಾಯಿಯಲ್ಲಿ ವಿಟಮಿನ್ ಸಿ ಒಂದೇ ಇರುವುದಿಲ್ಲ. ನಾರು, ಒಗರು, ಇನ್ನೂ ಹತ್ತಾರು ವಸ್ತುಗಳಿವೆ. ನುಗ್ಗೆಸೊಪ್ಪು, ಮೊಳಕೆ ಹುರುಳಿ, ಒಂದು ಹಿಡಿ ಶೇಂಗಾ ತಟ್ಟೆಗೆ ಬಂದಾಗ ಅಷ್ಟರಮಟ್ಟಿಗೆ ಅನ್ನದ ರಾಶಿ ಚಿಕ್ಕದಾಗುತ್ತದೆ. ಅದೇ ದೊಡ್ಡ ಲಾಭ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಳ್ಳಿ. ಚೀಟಿಯಲ್ಲಿ ಬರೆದದ್ದು, ಅಂಗಡಿಯವರು ಕೊಟ್ಟದ್ದು, ಅಮೆರಿಕದಿಂದ ಮಗ ಕಳಿಸಿದ ಡಬ್ಬಿ, ಎಲ್ಲವನ್ನೂ. ಮೇಜಿನ ಮೇಲೆ ಹರಡಿ, ಒಂದೊಂದನ್ನೂ ತೋರಿಸಿ 'ಇದು ಯಾತಕ್ಕೆ, ಬಿಟ್ಟರೆ ಏನಾಗುತ್ತದೆ?' ಎಂದು ಕೇಳಿ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಆ ತಿಂಗಳು ದುಡ್ಡು ಸಾಲದೆ ಒಂದನ್ನು ಕಡಿಮೆ ಮಾಡಲೇಬೇಕಾದರೆ, ಅದನ್ನೂ ಅವರಿಗೇ ಹೇಳಿ. ಬಿಪಿ ಮತ್ತು ಕೊಲೆಸ್ಟ್ರಾಲ್ ಮಾತ್ರೆಗಳನ್ನು ಮಾತ್ರ ಅರ್ಧ ಮಾಡಿಸಬೇಡಿ.